ಆರ್ಕ್, ಸಿಒಟು, ಆರ್ಗಾನ್ ಮೂರಕ್ಕೂ ವೆಲ್ಡಿಂಗ್ ಹೆಲ್ಮೆಟ್‌ನ 11ನೇ ನಂಬರ್ ಕಪ್ಪು ಗಾಜು ಒಂದೇ ಸಾಕಾ?

ಕೆಲಸ ನಡೆಯುತ್ತದೆ, ಆದರೆ ಮೂರಕ್ಕೂ ಅದೇ ಸರಿಯಾದ ನಂಬರ್ ಅಲ್ಲ. ಆರ್ಕ್ ಅಂದರೆ ರಾಡ್ ವೆಲ್ಡಿಂಗ್, ಸಿಒಟು ಅಂದರೆ ತಂತಿ ಓಡುವ ಮಿಗ್, ಆರ್ಗಾನ್ ಅಂದರೆ ಟಿಗ್; ನಂಬರ್ ಹೆಚ್ಚಾದಷ್ಟೂ ಗಾಜು ಕಪ್ಪು. ಗೇಟು-ಗ್ರಿಲ್ ಕೆಲಸ ಮಾಡ್ತಿದ್ದೀನಿ, ಈಗ ಆರ್ಗಾನ್ ಕಲೀಬೇಕು ಅಂತ ಬರೆದಿದ್ದೀರಿ. ಯಾವ ವೆಲ್ಡಿಂಗ್ ಅನ್ನುವಷ್ಟೇ ಮುಖ್ಯ, ಎಷ್ಟು ಆಂಪಿಯರ್ ಇಟ್ಟಿದ್ದೀರಿ ಅನ್ನೋದು.

12 ನಂಬರ್ ರಾಡ್ ಅನ್ನು (ಇದು ತೆಳು) 80 ಆಂಪಿಯರ್‌ನಲ್ಲಿ ಓಡಿಸುವಾಗ ನಾನು 10ನೇ ಗಾಜು ಹಾಕ್ತೀನಿ. ಅದಕ್ಕಿಂತ ದಪ್ಪ ಇರುವ 10 ನಂಬರ್ ರಾಡ್‌ಗೆ, ಅಂದರೆ 120ರ ಹತ್ತಿರ, 11. 160 ದಾಟಿದರೆ 12. ಸಿಒಟುನಲ್ಲಿ ಅದೇ ಆಂಪಿಯರ್‌ಗೆ ಒಂದು ನಂಬರ್ ಮೇಲೆ ಹೋಗೋದು ವಾಸಿ. ರಾಡ್‌ನಲ್ಲಿ ಹೊಗೆ ಬಂದು ಬೆಳಕನ್ನು ಸ್ವಲ್ಪ ಮಬ್ಬು ಮಾಡುತ್ತೆ, ಇಲ್ಲಿ ಹೊಗೆ ಕಮ್ಮಿ. ಆರ್ಗಾನ್‌ನಲ್ಲಿ ತೆಳು ಸ್ಟೀಲ್ ಪೈಪನ್ನು 50 ಆಂಪಿಯರ್ ಒಳಗೆ ಮಾಡಿದರೆ 10 ಸಾಕು. ಅದರ ಮೇಲೆ ಹೋದರೆ 12ರ ತನಕ ಬೇಕಾಗಬಹುದು.

ಕಪ್ಪು ಜಾಸ್ತಿ ಇದ್ದರೆ ಕಣ್ಣಿಗೆ ಒಳ್ಳೇದು ಅಂತ ಸುಮ್ನೆ 13 ತಗೋಬೇಡಿ. ಆರ್ಕ್ ವೆಲ್ಡಿಂಗ್‌ನ ಒಳ್ಳೆ ಗಾಜು 10 ಆದರೂ 13 ಆದರೂ ಯುವಿ (ಕಣ್ಣು ಸುಡುವ, ಕಾಣದ ಕಿರಣ) ತಡೆಯುತ್ತದೆ. ನಂಬರ್ ಹೇಳೋದು ಕಣ್ಣಿಗೆ ಬೀಳುವ ಬೆಳಕಿನ ಲೆಕ್ಕ. 11ರಿಂದ 13ಕ್ಕೆ ಹೋದರೆ ಬೆಳಕು ಏಳನೇ ಒಂದು ಪಾಲಿಗೆ ಇಳಿಯುತ್ತದೆ. ಆಗ ಕರಗಿದ ಲೋಹ ಕಾಣದೆ ಮುಖವನ್ನು ಹೊಗೆ ಹತ್ತಿರ ಒಯ್ಯುತ್ತೀರಿ. ಮೊದಲು ಕಪ್ಪು ಗಾಜಿನಿಂದ ಶುರು ಮಾಡಿ, ಲೋಹದ ಅಂಚು ಕಾಣುವ ತನಕ ಒಂದೊಂದೇ ಇಳಿಯಿರಿ. ಆದರೆ 60ರಿಂದ 160 ಆಂಪಿಯರ್‌ಗೆ ರಾಡ್‌ನಲ್ಲಿ 8, ಸಿಒಟುನಲ್ಲಿ 10, ಇವುಗಳ ಕೆಳಗೆ ಮಾತ್ರ ಹೋಗಬಾರದು.

ಗ್ಯಾಸ್ ಕಟಿಂಗ್ ಕನ್ನಡಕ 5ರ ಆಸುಪಾಸು ಇರುತ್ತೆ. ಅದನ್ನೇ ಹಾಕ್ಕೊಂಡು ಆರ್ಕ್‌ನಲ್ಲಿ ಟ್ಯಾಕ್ (ಜೋಡಿಸಿ ಹಿಡಿಸುವ ಚಿಕ್ಕ ಬೆಸುಗೆ) ಹೊಡೆಯೋರನ್ನ ಬೇಕಾದಷ್ಟು ನೋಡಿದ್ದೀನಿ. ಆಗೇನೂ ಗೊತ್ತಾಗಲ್ಲ, ರಾತ್ರಿ ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿ. ಆಲೂಗಡ್ಡೆ ಹೋಳು ಇಟ್ಟು ಮಲಗೋದಲ್ಲ, ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ಆಟೋ ಹೆಲ್ಮೆಟ್ (ಆರ್ಕ್ ಹೊತ್ತಿದ ಕೂಡಲೇ ತಾನೇ ಕಪ್ಪಾಗೋದು) ತಗೊಳ್ಳಲಾ ಅಂತ ಕೇಳಿದ್ದೀರಿ ಅಲ್ವಾ? ಆರ್ಗಾನ್ ಕಲಿಯೋದಾದರೆ ತಗೊಳ್ಳಿ. 9ರಿಂದ 13ರ ತನಕ ತಿರುಗಿಸಿಕೊಳ್ಳಬಹುದು. ಆದರೆ ಎರಡೇ ಸೆನ್ಸರ್ ಇದ್ದರೆ ಕಮ್ಮಿ ಆಂಪಿಯರ್‌ನಲ್ಲಿ ಒಮ್ಮೊಮ್ಮೆ ಕಪ್ಪಾಗೋದೇ ಇಲ್ಲ, ಅದಕ್ಕೆ ನಾಲ್ಕು ಸೆನ್ಸರ್‌ದು ನೋಡಿ. ಗ್ರೈಂಡಿಂಗ್ ಮಾಡುವಾಗ ಇಡುವ ಗ್ರೈಂಡ್ ಮೋಡ್‌ನಲ್ಲೂ ಅದು ಕಪ್ಪಾಗಲ್ಲ, ವೆಲ್ಡಿಂಗ್‌ಗೆ ಮೊದಲು ಬದಲಿಸಿಕೊಳ್ಳಿ.

ಮತ್ತೆ, ಸರಿಯಾಗಿ ಕಾಣ್ತಿಲ್ಲ ಅಂತ ನಂಬರ್ ಬದಲಾಯಿಸೋ ಮೊದಲು ಹೊರಗಿನ ಬಿಳಿ ಗಾಜು ನೋಡಿ. ಕಿಡಿ ಹಾರಿ ಕಲೆಯಾಗಿದ್ದರೆ ಅದನ್ನು ಬದಲಿಸಿದರೆ ಸಾಕು, ಹೆಚ್ಚು ಖರ್ಚೂ ಇಲ್ಲ.