ಓದುಗರ ಪ್ರಶ್ನೆಗಳು: ದೊಡ್ಡ ಸಿನಿಮಾ, ಸಣ್ಣ ಸಿನಿಮಾ ಮತ್ತು ಥಿಯೇಟರಿನ ಲೆಕ್ಕ

ಪ್ರಶ್ನೆ: ಟಿಕೆಟ್ ದರ ಏರುತ್ತಲೇ ಇದೆ; ಒಂದೆರಡು ತಿಂಗಳು ಕಾದರೆ ಅದೇ ಚಿತ್ರ ಮನೆಯ ಟಿ.ವಿ.ಯಲ್ಲಿ ಬರುತ್ತದೆ. ಆದ್ದರಿಂದ ದೊಡ್ಡ ಚಿತ್ರಗಳಿಗೆ ಮಾತ್ರ ಥಿಯೇಟರಿಗೆ ಹೋಗುವುದು, ಸಣ್ಣ ಚಿತ್ರಗಳನ್ನು ಓಟಿಟಿಯಲ್ಲಿ ನೋಡುವುದು ಎಂದು ನಮ್ಮ ಮನೆಯಲ್ಲಿ ನಿಯಮ ಮಾಡಿಕೊಂಡಿದ್ದೇವೆ. ತಾವು ಈಚೆಗೆ ನೋಡಿದ ಚಿತ್ರಗಳ ಅನುಭವದಿಂದ ಹೇಳಿ, ಇದು ಸರಿಯೇ? (ಗೃಹಿಣಿಯೊಬ್ಬರು, ದಾವಣಗೆರೆ)

ಉತ್ತರ: ಮೊದಲೇ ಒಂದು ಮಾತು. ನಾನು ವಿಮರ್ಶಕನಲ್ಲ, ತಿಂಗಳಿಗೊಮ್ಮೆ ಹೆಂಡತಿಯೊಡನೆ ಸಂಜೆಯ ಆಟಕ್ಕೆ ಹೋಗಿ, ವಾಪಸು ಬರುವಾಗ ದಾರಿಯುದ್ದಕ್ಕೂ ಚಿತ್ರದ ಬಗ್ಗೆ ಜಗಳವಾಡುವ ಸಾಮಾನ್ಯ ಪ್ರೇಕ್ಷಕ. ತಮ್ಮ ಮನೆಯ ನಿಯಮ ನಮ್ಮ ಮನೆಯಲ್ಲೂ ಇತ್ತು. ಅದನ್ನು ಕೆಡಿಸಿದ್ದು 2025ರ ಜುಲೈ 25ರಂದು ತೆರೆಕಂಡ ‘ಸು ಫ್ರಮ್ ಸೋ’.

ಜೆ.ಪಿ. ತುಮಿನಾಡು ನಿರ್ದೇಶಿಸಿ, ರಾಜ್ ಬಿ. ಶೆಟ್ಟಿ ನಿರ್ಮಾಣದಲ್ಲಿ ಪಾಲ್ಗೊಂಡ ಈ ಚಿತ್ರದಲ್ಲಿ ದೊಡ್ಡ ತಾರೆಯ ಹೆಸರಿಲ್ಲ, ಸೆಟ್ಟುಗಳ ವೈಭವವಿಲ್ಲ. ಕರಾವಳಿಯ ಒಂದು ಹಳ್ಳಿ, ಅಲ್ಲಿ ಮಾಡಬಾರದ್ದನ್ನು ಮಾಡಲು ಹೋಗಿ ಸಿಕ್ಕಿಬಿದ್ದು, ಪಾರಾಗಲು ಮೈಮೇಲೆ ದೆವ್ವ ಬಂದಂತೆ ನಟಿಸುವ ಅಶೋಕ, ಸೋಮೇಶ್ವರದ ಸುಲೋಚನಾ ಎಂಬ ಹೆಸರಿಗೆ ಇಡೀ ಊರೇ ಬೆಚ್ಚಿಬೀಳುವುದು. ಕಥೆಯ ಬಂಡವಾಳ ಇಷ್ಟೇ. ಇದಕ್ಕಿಂತ ‘ಮನೆಯಲ್ಲೇ ನೋಡಬಹುದಾದ’ ಚಿತ್ರ ಇನ್ನೊಂದಿರಲಾರದು ಎಂದುಕೊಂಡೇ, ಮಗಳ ಒತ್ತಾಯಕ್ಕೆ ನಾವು ಹೋದದ್ದು. ನಮ್ಮ ಹಿಂದಿನ ಸಾಲಿನಲ್ಲಿ ಮಂಗಳೂರು ಕಡೆಯ ಒಂದು ಕುಟುಂಬ ಕುಳಿತಿತ್ತು. ಪರದೆಯ ಮೇಲಿನ ಮಾತು ನಮ್ಮ ತಲೆಗೆ ಹೋಗುವ ಅರೆಗಳಿಗೆ ಮೊದಲೇ ಅವರು ನಕ್ಕಾಗಿರುತ್ತಿತ್ತು. ಅವರು ಏಕೆ ನಕ್ಕರೆಂದು ಯೋಚಿಸುವಷ್ಟರಲ್ಲಿ ನಮಗೂ ಮಾತು ಹೊಳೆದು ನಾವೂ ನಗುತ್ತಿದ್ದೆವು, ನಮ್ಮ ನಗು ಕೇಳಿ ಮುಂದಿನ ಸಾಲಿನವರು ತಿರುಗಿ ನೋಡಿ ನಗುತ್ತಿದ್ದರು. ಬಾವ ಎಂಬ ಪಾತ್ರ ಬಂದಾಗ ಕೇಳುವ ಹಾಡಿನ ತುಣುಕಿಗೆ ಮಧ್ಯಂತರದ ಹೊತ್ತಿಗಾಗಲೇ ಇಡೀ ಸಭಾಂಗಣ ಚಪ್ಪಾಳೆಯ ತಾಳ ಹಾಕತೊಡಗಿತ್ತು.

ಅದೇ ಚಿತ್ರ ಸೆಪ್ಟೆಂಬರಿನಲ್ಲಿ ಓಟಿಟಿಗೆ ಬಂದಾಗ, ಊರಿನಿಂದ ಬಂದಿದ್ದ ಅತ್ತೆಯವರಿಗೆ ತೋರಿಸೋಣವೆಂದು ಮತ್ತೆ ಹಾಕಿದೆವು. ಒಂದು ಅಕ್ಷರವೂ ಬದಲಾಗಿರಲಿಲ್ಲ. ಆದರೆ ನಾವು ಬಿದ್ದುಬಿದ್ದು ನಕ್ಕಿದ್ದ ಜಾಗದಲ್ಲಿ ಮುಗುಳ್ನಗೆಯಷ್ಟೇ ಬಂತು; ಮೂರನೆಯ ಸೀಟಿಗೆ ಕುಕ್ಕರ್ ಆರಿಸಬೇಕೆಂದು ಹೆಂಡತಿ ಎದ್ದು ಹೋದಳು; ಅತ್ತೆಯವರು ‘ಇದರಲ್ಲಿ ಅಷ್ಟು ನಗುವಂಥದ್ದೇನಿದೆ’ ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ನಗಿಸುವುದರಲ್ಲಿ ಅರ್ಧ ಪಾಲು ಚಿತ್ರದ್ದಾದರೆ ಇನ್ನರ್ಧ ಹಿಂದಿನ ಸಾಲಿನವರದು, ಅವರನ್ನು ಯಾವ ಓಟಿಟಿಯೂ ಮನೆಗೆ ಕಳುಹಿಸುವುದಿಲ್ಲ.

ಇನ್ನು ದೊಡ್ಡ ಚಿತ್ರದ ಮಾತು. ‘ಕಾಂತಾರ: ಚಾಪ್ಟರ್ 1’ 2025ರ ಅಕ್ಟೋಬರ್ 2ರಂದು ಬಿಡುಗಡೆಯಾಗಿ, ಅದೇ ತಿಂಗಳ 31ಕ್ಕೆ ಓಟಿಟಿಯಲ್ಲಿತ್ತು, ತಾವು ಹೇಳುವ ಒಂದೆರಡು ತಿಂಗಳೂ ಕಾಯಬೇಕಿರಲಿಲ್ಲ. ರಿಷಬ್ ಶೆಟ್ಟಿಯವರ ಆ ಚಿತ್ರದ ಕಾಡು, ರಥದ ದೃಶ್ಯ, ಅಜನೀಶ್ ಲೋಕನಾಥರ ವಾದ್ಯಗಳ ಅಬ್ಬರ ಇವೆಲ್ಲ ದೊಡ್ಡ ಪರದೆಗೇ ಹೇಳಿ ಮಾಡಿಸಿದಂಥವು, ಒಪ್ಪುತ್ತೇನೆ. ಆದರೆ ಮೊದಲರ್ಧದ ಹಾಸ್ಯ ನನಗೆ ಹಿಡಿಸಲಿಲ್ಲ, ಕಥೆ ದಾರಿ ಹುಡುಕುತ್ತ ಬಹಳ ಹೊತ್ತು ಅಲೆಯಿತು. 2022ರ ‘ಕಾಂತಾರ’ದಲ್ಲಿ ಕೊನೆಯ ಇಪ್ಪತ್ತು ನಿಮಿಷ ಬೆನ್ನುಹುರಿಯಲ್ಲಿ ಹರಿದ ನಡುಕ ಇಲ್ಲಿ ಪೂರ್ತಿಯಾಗಿ ಬರಲಿಲ್ಲ. ಮೈಮೇಲೆ ದೈವ ಬರುವ ಆವೇಶದ ದೃಶ್ಯಕ್ಕೆ ನಮ್ಮ ಪಕ್ಕದ ಹುಡುಗರು ಎದ್ದು ನಿಂತು ಪರದೆಯ ಮೇಲಿನ ಕೂಗನ್ನು ಅನುಕರಿಸಿದ್ದು ಮುಜುಗರ ತಂದಿತು. ದೈವದ ಅನುಕರಣೆ ಬೇಡವೆಂದು ಚಿತ್ರತಂಡವೇ ಪ್ರೇಕ್ಷಕರಲ್ಲಿ ಮನವಿ ಮಾಡಿಕೊಳ್ಳಬೇಕಾಯಿತು. ಜೊತೆಗೆ ನೋಡುವವರು ಯಾವಾಗಲೂ ವರವೇ ಆಗಿರುವುದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕಲ್ಲ. ಆದರೂ ತಮ್ಮ ನಿಯಮವನ್ನು ತಲೆಕೆಳಗು ಮಾಡಿ ನೋಡಿ ಎಂಬುದೇ ನನ್ನ ಸಲಹೆ: ಚಿತ್ರ ಎಷ್ಟು ದೊಡ್ಡದು ಎಂದು ಕೇಳಬೇಡಿ, ಇದನ್ನು ಒಂಟಿಯಾಗಿ ನೋಡಿದರೆ ಏನು ಕಳೆದುಕೊಳ್ಳುತ್ತೇನೆ ಎಂದು ಕೇಳಿಕೊಳ್ಳಿ.

ಪ್ರಶ್ನೆ: ‘ಮಿಥ್ಯ’ ಚಿತ್ರವನ್ನು ಎಲ್ಲರೂ ಹೊಗಳುತ್ತಾರೆ. ನನಗಂತೂ ಅದರಲ್ಲಿ ಏನೂ ನಡೆಯುವುದಿಲ್ಲ ಎನಿಸಿತು. ತಪ್ಪು ನನ್ನದೇ? (ಕಾಲೇಜು ಉಪನ್ಯಾಸಕರು, ಹಾಸನ)

ಉತ್ತರ: ತಪ್ಪು ತಮ್ಮದಲ್ಲ, ಆದರೆ ತಾವು ಅದನ್ನು ಎಲ್ಲಿ ನೋಡಿದಿರಿ ಎಂಬುದನ್ನು ಬರೆದಿಲ್ಲ. 2025ರ ಮಾರ್ಚಿನಲ್ಲಿ ತೆರೆಕಂಡ, ಸುಮಂತ್ ಭಟ್ ನಿರ್ದೇಶನದ ಈ ಚಿತ್ರದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಹುಡುಗನೊಬ್ಬ ಮುಂಬೈಯಿಂದ ಉಡುಪಿಯ ಚಿಕ್ಕಮ್ಮನ ಮನೆಗೆ ಬರುತ್ತಾನೆ. ಅವನು ಅಳುವುದಿಲ್ಲ, ಉದ್ದುದ್ದ ಮಾತಾಡುವುದಿಲ್ಲ. ಆತಿಶ್ ಶೆಟ್ಟಿ ಎಂಬ ಬಾಲಕನ ಮುಖವನ್ನೇ ನೋಡುತ್ತ ಕುಳಿತಿರಬೇಕು. ಕೈಗೆ ಮೊಬೈಲು ಸಿಗುವ ಜಾಗದಲ್ಲಿ ಇಂಥ ಚಿತ್ರ ಸೋಲುತ್ತದೆ. ಕತ್ತಲಲ್ಲಿ ಬೇರೆ ದಾರಿಯಿಲ್ಲದೆ ನೋಡುತ್ತ ಹೋದರೆ, ಆ ಮನೆಯವರು ಅವನೆದುರು ತಮ್ಮ ಕಷ್ಟವನ್ನು ತಗ್ಗಿದ ದನಿಯಲ್ಲಿ ಆಡಿಕೊಳ್ಳುವುದೂ ಒಂದು ಘಟನೆಯಾಗಿ ಕಾಣಿಸತೊಡಗುತ್ತದೆ. ಇಲ್ಲಿ ಚಿಕ್ಕಪ್ಪನಾಗಿರುವ ಪ್ರಕಾಶ್ ತುಮಿನಾಡು ಅವರನ್ನೇ ನಾಲ್ಕು ತಿಂಗಳ ನಂತರ ‘ಸು ಫ್ರಮ್ ಸೋ’ದಲ್ಲಿ ಕಂಡಾಗ, ಬಾಯಿ ತೆರೆಯುವ ಮೊದಲೇ ಜನ ನಗುತ್ತಿದ್ದರು. ನಾನೂ ನಕ್ಕೆ, ಆದರೆ ‘ಮಿಥ್ಯ’ದ ಆ ಬಸವಳಿದ ಮುಖ ನೆನಪಾಗಿ ನಗು ಒಂದು ಕ್ಷಣ ತಡೆಯಿತು. ಎರಡನ್ನೂ ನೋಡಿದವರಿಗೆ ಮಾತ್ರ ಸಿಗುವ ಲಾಭವಿದು.

ಪ್ರಶ್ನೆ: ಉತ್ತರ ಕರ್ನಾಟಕದ ಮಾತು ಸಿನಿಮಾದಲ್ಲಿ ಬಂದರೆ ಒಂದೋ ನಗಿಸಲು, ಇಲ್ಲವೇ ಬೈಯಲು. ಇದಕ್ಕೆ ಅಪವಾದ ಏನಾದರೂ ಕಂಡಿದ್ದೀರಾ? (ಅಂಗಡಿ ಮಾಲೀಕರು, ಗಂಗಾವತಿ)

ಉತ್ತರ: ತಮ್ಮ ಜಿಲ್ಲೆಯದೇ ಚಿತ್ರ ಇದೆ, ‘ಶಿವಮ್ಮ ಯರೇಹಂಚಿನಾಳ’. ಜೈಶಂಕರ್ ಆರ್ಯರ್ ನಿರ್ದೇಶಿಸಿ ರಿಷಬ್ ಶೆಟ್ಟಿ ನಿರ್ಮಿಸಿದ ಇದಕ್ಕೆ 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ, ಹೊಸ ನಿರ್ದೇಶಕರ ಚಿತ್ರಗಳಿಗೆ ಕೊಡುವ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ನಮ್ಮ ಥಿಯೇಟರುಗಳಿಗೆ ಬರಲು 2024ರ ಜೂನ್ ಆಯಿತು. ಸರ್ಕಾರಿ ಶಾಲೆಯಲ್ಲಿ ಅಡುಗೆ ಮಾಡುವ ಶಿವಮ್ಮ, ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಚೈನ್ ಸ್ಕೀಮಿನ ಶಕ್ತಿಪೇಯಕ್ಕೆ ಹಾಕುತ್ತಾಳೆ; ಆಮೇಲೆ ಕಂಡಕಂಡವರಿಗೆಲ್ಲ ಅದನ್ನು ಕುಡಿಸಲು ಹೊರಡುತ್ತಾಳೆ. ಶರಣಮ್ಮ ಚಟ್ಟಿಯವರು ಆ ಪಾತ್ರವನ್ನು ಹೊತ್ತ ರೀತಿಗೆ ನಟನೆ ಎಂಬ ಪದ ಬಳಸಲು ಸಂಕೋಚವಾಗುತ್ತದೆ. ಅಲ್ಲಿಯ ಮಾತು ನಮ್ಮನ್ನು ನಗಿಸಲೆಂದು ಬಂದದ್ದಲ್ಲ, ಶಿವಮ್ಮನ ಹಟ ಆ ಮಾತಿನಲ್ಲೇ ಹುಟ್ಟಿದ್ದು. ನಾನು ನೋಡಿದ ಆಟದಲ್ಲಿ ನಮ್ಮನ್ನೂ ಸೇರಿಸಿ ಹನ್ನೊಂದು ಮಂದಿ ಇದ್ದರು. ಚಿತ್ರ ಮುಗಿದ ಮೇಲೆ ಅವರಲ್ಲೊಬ್ಬರು, ಹಿರಿಯರು, ‘ನಮ್ಮ ಅಕ್ಕನೂ ಹಿಂಗ ರೊಕ್ಕ ಹಾಕಿದ್ಳರಿ’ ಎಂದು ಮೆಟ್ಟಿಲ ಬಳಿ ನನಗೆ ಹೇಳಿ, ನಾನು ಏನಾದರೂ ಕೇಳುವ ಮೊದಲೇ ಹೊರಟುಹೋದರು. ಕರಾವಳಿಯ ಕನ್ನಡಕ್ಕೆ ಈಗ ಬೇಡಿಕೆ ಬಂದಿದೆ, ಸಂತೋಷ. ಆದರೆ ಆ ಮಾತು ಕೇಳಿದೊಡನೆ ನಗಬೇಕು ಎಂಬ ರೂಢಿ ಬೆಳೆದರೆ, ತಾವು ಇಂದು ಹೇಳುವ ದೂರನ್ನು ನಾಳೆ ಮಂಗಳೂರಿನವರು ಬರೆದಾರು.

ಪ್ರಶ್ನೆ: ‘ಸಪ್ತ ಸಾಗರದಾಚೆ ಎಲ್ಲೋ’ ಎರಡೂ ಭಾಗ ನೋಡಬೇಕೇ? (ವಿದ್ಯಾರ್ಥಿನಿ, ಮೈಸೂರು)

ಉತ್ತರ: ಮೊದಲನೆಯದನ್ನು ಖಂಡಿತ ನೋಡಿ. ಎರಡನೆಯದು, ನಾಯಕ ಮನು ಏನಾದ ಎಂಬ ಕುತೂಹಲ ತಡೆಯಲಾಗದಿದ್ದರೆ ಮಾತ್ರ.

ಪ್ರಶ್ನೆ: ಟಿಕೆಟ್‌ಗೆ ಗರಿಷ್ಠ 200 ರೂಪಾಯಿ ಎಂದು ಸರ್ಕಾರ ಆದೇಶಿಸಿತ್ತಲ್ಲ, ಅದರಿಂದ ತಮ್ಮಂಥ ಪ್ರೇಕ್ಷಕರಿಗೆ ಏನಾಯಿತು? (ಬ್ಯಾಂಕ್ ನೌಕರರು, ಬೆಂಗಳೂರು)

ಉತ್ತರ: ಹನ್ನೊಂದು ದಿನದ ಸಂತೋಷವಾಯಿತು. 2025ರ ಸೆಪ್ಟೆಂಬರ್ 12ರಂದು ಬಂದ ನಿಯಮದ ಪ್ರಕಾರ ತೆರಿಗೆ ಬಿಟ್ಟು 200 ರೂಪಾಯಿಯೇ ಮಿತಿ. 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಐಷಾರಾಮಿ ಪರದೆಗಳಿಗಷ್ಟೇ ವಿನಾಯಿತಿ. ಮಲ್ಟಿಪ್ಲೆಕ್ಸಿನವರು ಹೈಕೋರ್ಟಿಗೆ ಹೋದರು, 23ರಂದು ಮಧ್ಯಂತರ ತಡೆ ಸಿಕ್ಕಿತು. ನಾನು ಪೂರ್ತಿ ಪ್ರೇಕ್ಷಕರ ಪಕ್ಷವೇ ಆದರೂ, ಜೇಬಿಗೆ ಹೆಚ್ಚು ಕತ್ತರಿ ಹಾಕುವುದು ಟಿಕೆಟ್ ಅಲ್ಲ, ಮಧ್ಯಂತರದ ತಿಂಡಿ. ಕಳೆದ ತಿಂಗಳು ಒಂದು ಮಲ್ಟಿಪ್ಲೆಕ್ಸಿನಲ್ಲಿ ಇಬ್ಬರಿಗೆ ಒಂದೇ ಡಬ್ಬಿ ಪಾಪ್‌ಕಾರ್ನ್ ತೆಗೆದುಕೊಂಡಾಗ ಬಿಲ್ಲು ನಮ್ಮ ಒಂದು ಟಿಕೆಟಿಗಿಂತ ಹೆಚ್ಚಾಗಿತ್ತು. ಈಗ ನನ್ನ ಹೆಂಡತಿ ಊಟ ಮುಗಿಸಿಯೇ ಹೊರಡಿಸುತ್ತಾಳೆ; ಉಳಿದ ಹಣಕ್ಕೆ ಮುಂದಿನ ತಿಂಗಳು ಇನ್ನೊಂದು ಸಣ್ಣ ಚಿತ್ರ ಎಂದು ಮನೆಯಲ್ಲಿ ಒಪ್ಪಂದವಾಗಿದೆ.