ಮಡಕೆಯ ಬೆವರು, ಲೋಟದ ಬೆವರು

ಪ್ರಶ್ನೆ: ಕಲಬುರಗಿಯಿಂದ ಮಂಗಳೂರಿಗೆ ಮನೆ ಬದಲಾಯಿಸಿದೆವು. ಅಲ್ಲಿ ಏಪ್ರಿಲ್‌ನಲ್ಲೂ ತಣ್ಣಗಿರುತ್ತಿದ್ದ ಮಡಕೆ ನೀರು ಇಲ್ಲಿ ತಣ್ಣಗಾಗುವುದೇ ಇಲ್ಲ. ಮಡಕೆ ಅದೇ. ಕೆಟ್ಟಿದೆಯೇ?

ಉತ್ತರ: ಮಡಕೆ ಸರಿಯಾಗಿಯೇ ಇದೆ, ಬದಲಾದದ್ದು ಗಾಳಿ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಒಳಗಿನ ನೀರು ಅವುಗಳಲ್ಲಿ ಜಿನುಗಿ ಹೊರಮೈಗೆ ಬಂದು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಮಡಕೆಯಿಂದ, ಒಳಗಿನ ನೀರಿನಿಂದ ಎಳೆದುಕೊಳ್ಳುತ್ತದೆ. 1760ರ ದಶಕದಲ್ಲಿ ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್ ಅಳೆದು ತೋರಿಸಿದ ಗುಪ್ತೋಷ್ಣ ಇದೇ.

ಅದು ಎಷ್ಟು ದೊಡ್ಡದು ನೋಡಿ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,430 ಜೂಲ್ ಬೇಕು. ಅದೇ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ತಣಿಸಲು ತೆಗೆಯಬೇಕಾದದ್ದು 4.2 ಜೂಲ್ ಮಾತ್ರ. ಹಾಗಾಗಿ 10 ಲೀಟರ್ ಮಡಕೆಯಿಂದ ಅರ್ಧ ಲೋಟ, ಅಂದರೆ 100 ಗ್ರಾಂ ನೀರು ಆವಿಯಾದರೆ ಉಳಿದ ನೀರೆಲ್ಲ ಸುಮಾರು 6 ಡಿಗ್ರಿ ಇಳಿಯಬೇಕು. ಸುತ್ತಲಿನ ಬಿಸಿ ಗಾಳಿ ಶಾಖವನ್ನು ಮತ್ತೆ ತುಂಬುತ್ತಲೇ ಇರುವುದರಿಂದ ಅಷ್ಟೂ ದಕ್ಕುವುದಿಲ್ಲ.

ಈ ಇಳಿಕೆಗೆ ಒಂದು ತಳವೂ ಇದೆ. ಥರ್ಮಾಮೀಟರಿನ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನಿನ ಕೆಳಗಿಟ್ಟರೆ ಅದು ಎಲ್ಲಿಗೆ ಇಳಿದು ನಿಲ್ಲುತ್ತದೋ ಹೆಚ್ಚುಕಡಿಮೆ ಅದೇ ಮಡಕೆಯ ಮಿತಿ. ಗಾಳಿ 40 ಡಿಗ್ರಿ ಇದ್ದು ತೇವಾಂಶ ಶೇ. 20 ಇದ್ದರೆ ಆ ಮಿತಿ ಸುಮಾರು 23 ಡಿಗ್ರಿ. ಕರಾವಳಿಯಲ್ಲಿ 33 ಡಿಗ್ರಿ ಬಿಸಿಲಿಗೆ ತೇವಾಂಶ ಶೇ. 75 ಇದ್ದರೆ ಅದು 29 ಡಿಗ್ರಿ. ಕಲಬುರಗಿಯಲ್ಲಿ ನಿಮಗೆ 17 ಡಿಗ್ರಿಯಷ್ಟು ಇಳಿಕೆಗೆ ಅವಕಾಶವಿತ್ತು, ಮಂಗಳೂರಿನಲ್ಲಿ ಇರುವುದು ನಾಲ್ಕೇ ಡಿಗ್ರಿ. ಆಗಲೇ ಆವಿ ತುಂಬಿರುವ ಗಾಳಿ ಇನ್ನಷ್ಟನ್ನು ತೆಗೆದುಕೊಳ್ಳುವುದು ನಿಧಾನ.

ಇರುವ ನಾಲ್ಕು ಡಿಗ್ರಿಯಾದರೂ ಪೂರ್ತಿ ಸಿಗಬೇಕಾದರೆ ಮಡಕೆಯನ್ನು ಅಡುಗೆಮನೆಯ ಮೂಲೆಯಿಂದ ತೆಗೆದು, ನೆರಳಿದ್ದು ಗಾಳಿಯಾಡುವ ಕಿಟಕಿಯ ಬಳಿ ಕಾಲಿರುವ ಸ್ಟ್ಯಾಂಡಿನ ಮೇಲಿಡಿ. ತಳವೂ ಬೆವರಬೇಕು. ಹೊರಮೈಗೆ ಬಣ್ಣ ಬಳಿದ ಮಡಕೆಯನ್ನು ಕೊಳ್ಳಬೇಡಿ; ಎಣ್ಣೆ ಬಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ, ಆಮೇಲೆ ಅದಕ್ಕೂ ಸ್ಟೀಲ್ ಕೊಡಕ್ಕೂ ವ್ಯತ್ಯಾಸವಿಲ್ಲ. ಗಡಸು ನೀರು ತುಂಬಿಸುವ ಮನೆಗಳಲ್ಲಿ ಎರಡು ಮೂರು ಬೇಸಿಗೆ ಕಳೆದ ಮೇಲೆ ಹೊರಗೆ ಬಿಳಿ ಪುಡಿ ಕಟ್ಟುತ್ತದೆ. ಅದು ನೀರು ಆವಿಯಾಗಿ ಹೋದಾಗ ಉಳಿದ ಲವಣ. ತೆಂಗಿನ ನಾರಿನಿಂದ ಬರೀ ನೀರು ಹಾಕಿ ಉಜ್ಜಿ. ಸೋಪು ಬೇಡ, ಮಣ್ಣು ಅದನ್ನು ಹೀರಿಕೊಂಡು ಕುಡಿಯುವ ನೀರಿಗೆ ಬಿಡುತ್ತದೆ.

ಪ್ರಶ್ನೆ: ಫ್ರಿಜ್ಜಿನ ನೀರು ತುಂಬಿದ ಸ್ಟೀಲ್ ಲೋಟವೂ ಬೆವರುತ್ತದಲ್ಲ, ಅದೂ ತಂಪು ಕೊಡುತ್ತದೆಯೇ?

ಉತ್ತರ: ಇಲ್ಲ, ಅಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಸ್ಟೀಲಿನಲ್ಲಿ ನೀರು ಜಿನುಗುವುದಿಲ್ಲ; ಆ ಹನಿಗಳು ಗಾಳಿಯಲ್ಲಿದ್ದ ಆವಿ ತಣ್ಣನೆಯ ಲೋಟಕ್ಕೆ ತಗುಲಿ ನೀರಾದವು. ಗಾಳಿ 30 ಡಿಗ್ರಿ, ತೇವಾಂಶ ಶೇ. 70 ಇದ್ದರೆ ಸುಮಾರು 24 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ಹನಿ ಕೂರುತ್ತದೆ. ಹೀಗೆ ನೀರಾಗುವಾಗ ಆವಿ ತನ್ನಲ್ಲಿದ್ದ ಗುಪ್ತೋಷ್ಣವನ್ನು ಲೋಟಕ್ಕೆ ಬಿಟ್ಟುಕೊಡುತ್ತದೆ. ಅಂದರೆ ಬೆವರಿದಷ್ಟೂ ನಿಮ್ಮ ಪಾನಕ ಬೇಗ ಬೆಚ್ಚಗಾಗುತ್ತದೆ.

ಮಕ್ಕಳಿಗೆ ತೋರಿಸಲು ಒಂದು ಅಡುಗೆ ತಕ್ಕಡಿ ಸಾಕು. ತಣ್ಣೀರಿನ ಲೋಟವನ್ನು ಒರೆಸಿ, ಮುಚ್ಚಿ, ತಕ್ಕಡಿಯ ಮೇಲಿಡಿ. ಹನಿ ಕಟ್ಟುತ್ತಿದ್ದಂತೆ ಒಂದೆರಡು ಗ್ರಾಂ ಏರುತ್ತದೆ. ನೀರು ತುಂಬಿದ ಸಣ್ಣ ಮಣ್ಣಿನ ಕುಡಿಕೆಯನ್ನು ಹಾಗೆಯೇ ಮುಚ್ಚಿಟ್ಟರೆ ತೂಕ ಇಳಿಯುತ್ತ ಹೋಗುತ್ತದೆ.

ಪ್ರಶ್ನೆ: ಮಡಿಕೇರಿಯಲ್ಲಿ ಪಾತ್ರೆಯಲ್ಲಿ ಬೇಳೆ ಬೇಯಲು ತುಂಬ ಹೊತ್ತು ಹಿಡಿಯುತ್ತದೆ, ಕುಕ್ಕರಿನಲ್ಲಿ ಅಷ್ಟೇನೂ ತಡವಾಗುವುದಿಲ್ಲ. ಏಕೆ? ಎಷ್ಟು ಕೂಗು ಕೂಗಿಸಬೇಕು?

ಉತ್ತರ: ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಒಮ್ಮೆ ಕುದಿ ಬಂದ ಮೇಲೆ ಉರಿ ಎಷ್ಟು ಜೋರು ಮಾಡಿದರೂ ಬೇಳೆಗೆ ಸಿಗುವುದು ಅದೇ 96. ಹೆಚ್ಚಿನ ಗ್ಯಾಸೆಲ್ಲ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಕುಕ್ಕರಿನಲ್ಲಿ ಹೊರಗಿನ ಒತ್ತಡದ ಮೇಲೆ ಇನ್ನೊಂದು ವಾತಾವರಣದಷ್ಟು ಒತ್ತಡ ಸೇರುವುದರಿಂದ ಸಮುದ್ರಮಟ್ಟದಲ್ಲಿ 120 ಡಿಗ್ರಿ, ಮಡಿಕೇರಿಯಲ್ಲಿ 118ರ ಆಸುಪಾಸು ಸಿಗುತ್ತದೆ. ನಾಲ್ಕು ಡಿಗ್ರಿಯ ಕೊರತೆ ಎರಡಕ್ಕೆ ಇಳಿಯಿತು.

ಈ ಒತ್ತಡವನ್ನು ಕಾಯುವುದು ಮುಚ್ಚಳದ ಮೇಲಿನ ಆ ಪುಟ್ಟ ವೇಯ್ಟ್. ಆವಿ ಹೊರಡುವ ರಂಧ್ರದ ಅಡ್ಡಳತೆ 3 ಮಿ.ಮೀ. ಎಂದುಕೊಂಡರೆ, ಅಷ್ಟು ಒತ್ತಡವನ್ನು ತಡೆಯಲು ಸುಮಾರು 70 ಗ್ರಾಂ ತೂಕ ಸಾಕು. ರಂಧ್ರ 4 ಮಿ.ಮೀ. ಆದರೆ 125 ಗ್ರಾಂ ಬೇಕು. ಆದ್ದರಿಂದಲೇ ಒಂದು ಕಂಪನಿಯ ವೇಯ್ಟನ್ನು ಇನ್ನೊಂದರ ಮೇಲೆ ಕೂರಿಸುವುದು ಅಪಾಯ: ಕೂತಿತು ಅಂದಮಾತ್ರಕ್ಕೆ ಒತ್ತಡ ಸರಿಯಿದೆ ಎಂದಲ್ಲ.

ಇನ್ನು ಕೂಗು ಎಣಿಸುವ ಪದ್ಧತಿಯನ್ನೇ ಬಿಡಿ ಎನ್ನುತ್ತೇವೆ. ಉರಿ ಜೋರಿದ್ದರೆ ಐದು ಕೂಗು ಬೇಗ ಮುಗಿಯುತ್ತದೆ, ಬೇಳೆ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಮೊದಲು ವೇಯ್ಟ್ ಇಲ್ಲದೆ ಕಾಯಿಸಿ, ಆವಿ ಒಂದೇ ಸಮನೆ ಬರತೊಡಗಿದ ಮೇಲೆ ಇಡಿ; ಒಳಗೆ ಗಾಳಿ ಉಳಿದರೆ ಒತ್ತಡ ಏರಿದರೂ ಶಾಖ ಅಷ್ಟು ಏರುವುದಿಲ್ಲ. ಮೊದಲ ಕೂಗಿಗೆ ಉರಿ ಸಣ್ಣಗೆ ಮಾಡಿ, ಅಲ್ಲಿಂದ ಗಡಿಯಾರ ನೋಡಿ. ಬೇಳೆಯಾದರೆ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಅದರ ನೊರೆ ಏರಿ ರಂಧ್ರ ಕಟ್ಟುತ್ತದೆ. ಕೂಗೇ ಬಾರದೆ ಅಂಚಿನಲ್ಲಿ ಆವಿ ಸೋರುತ್ತಿದ್ದರೆ ಗ್ಯಾಸ್ಕೆಟ್ ಗಡುಸಾಗಿದೆ, ಬದಲಿಸಿ.

ಪ್ರಶ್ನೆ: ಆರುವ ಮೊದಲೇ ಕುಕ್ಕರ್ ತೆರೆದರೆ ಅದು ಯಾಕೆ ಚಿಮ್ಮುತ್ತದೆ?

ಉತ್ತರ: ಒಳಗೆ 120 ಡಿಗ್ರಿಯ ನೀರಿದೆ. ಒತ್ತಡ ದಿಢೀರನೆ ಇಳಿದರೆ ಅದು ನೀರಾಗಿ ಇರಬಹುದಾದದ್ದು 100 ಡಿಗ್ರಿವರೆಗೆ ಮಾತ್ರ. ಹೆಚ್ಚುವರಿ 20 ಡಿಗ್ರಿಯ ಶಾಖ ಒಂದು ಲೀಟರಿನಲ್ಲಿ ಸುಮಾರು 37 ಗ್ರಾಂ ನೀರನ್ನು ಕ್ಷಣದಲ್ಲಿ ಆವಿ ಮಾಡುತ್ತದೆ. 37 ಗ್ರಾಂ ಎಂದರೆ ಎರಡೂವರೆ ದೊಡ್ಡ ಚಮಚ, ಆದರೆ ಆವಿಯಾದಾಗ ಅದು ಸುಮಾರು 60 ಲೀಟರ್ ಜಾಗ ಕೇಳುತ್ತದೆ. ಐದು ಲೀಟರ್ ಕುಕ್ಕರಿನಲ್ಲಿ ಅದಕ್ಕೆ ಎಲ್ಲಿದೆ ಜಾಗ? ಬೇಳೆಯನ್ನೂ ಎತ್ತಿಕೊಂಡೇ ಹೊರಬರುತ್ತದೆ. ವೇಯ್ಟ್ ಎತ್ತಿದಾಗ ಸದ್ದು ಬಂದರೆ ಮುಚ್ಚಳ ಮುಟ್ಟಬೇಡಿ.

ಆವಿಯ ಸುಟ್ಟಗಾಯ ಕುದಿನೀರಿನದಕ್ಕಿಂತ ಆಳಕ್ಕಿಳಿಯಲು ಕಾರಣವೂ ಮತ್ತೆ ಗುಪ್ತೋಷ್ಣವೇ. ಒಂದು ಗ್ರಾಂ ಕುದಿನೀರು ಮೈಯ ಉಷ್ಣತೆಗೆ ಇಳಿಯುವಾಗ ಸುಮಾರು 265 ಜೂಲ್ ಕೊಡುತ್ತದೆ; ಒಂದು ಗ್ರಾಂ ಆವಿ 2,500ಕ್ಕೂ ಹೆಚ್ಚು. ಹಾಗೇನಾದರೂ ಆದರೆ ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಬಳೆ ಉಂಗುರ ತೆಗೆದು ಸುಟ್ಟ ಜಾಗವನ್ನು ನಲ್ಲಿಯ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಬೊಬ್ಬೆ ಎದ್ದರೆ ಒಡೆಯದೆ ವೈದ್ಯರ ಬಳಿ ಹೋಗಿ.