ರಾತ್ರಿ ಸಂಗೀತಕ್ಕೆ ಹೊರಡುವ ಮುಂಚೆ ಕೊನೆ ರೈಲು ಎಷ್ಟೊತ್ತಿಗೆ ಅಂತ ನೋಡಿ

ಪ್ರಶ್ನೆ: ಆಫೀಸ್ ಕೆಲಸದ ಮೇಲೆ ಮೊದಲ ಸಲ ದೊಡ್ಡ ನಗರವೊಂದಕ್ಕೆ ಹೋಗುತ್ತಿದ್ದೇನೆ. ಸಂಜೆ ಬಿಡುವು ಇರುತ್ತದೆ, ಲೈವ್ ಮ್ಯೂಸಿಕ್ ಕೇಳುವ ಆಸೆ. ಅಲ್ಲಿ ಪರಿಚಯದವರು ಯಾರೂ ಇಲ್ಲ, ನನಗೆ ಕುಡಿಯುವ ಅಭ್ಯಾಸವೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ‘ಬೆಸ್ಟ್ ನೈಟ್‌ಲೈಫ್’ ಅಂತ ಮಾತ್ರ ಹುಡುಕಬೇಡಿ. ಅದು ನಿಮ್ಮನ್ನು ಪ್ರವಾಸಿಗರೇ ತುಂಬಿರುವ ಬೀದಿಗೆ ಕಳಿಸುತ್ತದೆ. ಅಲ್ಲಿ ಬ್ಯಾಂಡ್ ನುಡಿಸುತ್ತಿರುತ್ತದೆ, ಕೇಳುವವರು ಯಾರೂ ಇರುವುದಿಲ್ಲ. ನಿಮಗೆ ಯಾವ ಸಂಗೀತ ಇಷ್ಟವೋ ಅದರ ಹೆಸರು, ಊರಿನ ಹೆಸರು, ತಾರೀಕು ಮೂರನ್ನೂ ಹಾಕಿ ಹುಡುಕಿ. ಯಾವುದಾದರೂ ಜಾಗ ಸಿಕ್ಕರೆ ಅವರ ತಿಂಗಳ ಪಟ್ಟಿ ತೆರೆದು ನೋಡಿ. ದಿನಾ ಬೇರೆ ಬೇರೆ ಕಲಾವಿದರ ಹೆಸರಿದ್ದರೆ ಅಲ್ಲಿ ಸಂಗೀತಕ್ಕೆ ಬೆಲೆ ಇದೆ ಅಂತ ಅರ್ಥ. ಬರೀ ‘ಲೈವ್ ಬ್ಯಾಂಡ್’ ಅಂತ ಬರೆದಿದ್ದರೆ, ನಾನಂತೂ ಹೋಗುವುದಿಲ್ಲ.

ಸ್ಟೇಡಿಯಂ ಕಾರ್ಯಕ್ರಮಕ್ಕಿಂತ ಚಿಕ್ಕ ಕೋಣೆಯೇ ನನಗೆ ಜಾಸ್ತಿ ಇಷ್ಟ. ದೊಡ್ಡ ಗಾಯಕರು ಅದೇ ಶೋ ಹಿಡಿದುಕೊಂಡು ಊರೂರು ಸುತ್ತುತ್ತಾರೆ, ಇನ್ನೊಂದು ಕಡೆ ಸಿಕ್ಕೇ ಸಿಗುತ್ತಾರೆ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನುವ ಜಾಜ್ ಕ್ಲಬ್ 1935ರಲ್ಲಿ ಶುರುವಾದದ್ದು, ಇವತ್ತಿಗೂ ಅದೊಂದು ನೆಲಮಾಳಿಗೆ. ಪಿಯಾನೋ ವಾದಕ ಬಿಲ್ ಇವಾನ್ಸ್, ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಇಬ್ಬರೂ 1961ರಲ್ಲಿ ಅಲ್ಲೇ ಲೈವ್ ರೆಕಾರ್ಡಿಂಗ್ ಮಾಡಿದರು. ಇವಾನ್ಸ್ ಪಿಯಾನೋ ಹಿಂದೆ ಗ್ಲಾಸುಗಳ ಸದ್ದು, ಜನರ ಗುಸುಗುಸು ಕೂಡ ಕೇಳಿಸುತ್ತದೆ. ಅಷ್ಟು ಹತ್ತಿರ ಕೂತು ಕೇಳುವ ಸುಖ ದೊಡ್ಡ ಮೈದಾನದಲ್ಲಿ ಎಲ್ಲಿ ಬರಬೇಕು?

ಶನಿವಾರ ಬಿಟ್ಟು ವಾರದ ನಡುವೆ ಹೋಗಿ. ಗದ್ದಲ ಕಡಿಮೆ. ಜ್ಯಾಮ್ ಸೆಷನ್ (ಕಲಾವಿದರು ಸೇರಿ ಆ ಹೊತ್ತಿಗೆ ಹೊಳೆದದ್ದನ್ನು ನುಡಿಸುವುದು), ಓಪನ್ ಮೈಕ್ (ಯಾರು ಬೇಕಾದರೂ ವೇದಿಕೆ ಹತ್ತಬಹುದಾದದ್ದು) ಇಡುವುದೂ ಹೆಚ್ಚಾಗಿ ಅಂಥ ದಿನಗಳಲ್ಲೇ, ಬೇರೆ ಕಡೆ ನುಡಿಸಿ ಮುಗಿಸಿದ ಕಲಾವಿದರು ವಾದ್ಯ ಹೊತ್ತುಕೊಂಡು ಬಂದು ಸೇರಿಕೊಳ್ಳುತ್ತಾರೆ. ಟಿಕೆಟ್ ಮೇಲೆ ‘ಡೋರ್ಸ್’ ಅಂತ ಇರುವ ಸಮಯ ಬಾಗಿಲು ತೆರೆಯುವ ಹೊತ್ತು ಅಷ್ಟೇ. ಮುಖ್ಯ ಕಲಾವಿದರು ವೇದಿಕೆಗೆ ಬರುವಷ್ಟರಲ್ಲಿ ಒಂದೆರಡು ಗಂಟೆ ಆಗಬಹುದು. ಜಾಜ್ ಕ್ಲಬ್‌ಗಳಲ್ಲಿ ರಾತ್ರಿಗೆ ಎರಡು ಸೆಟ್, ಅಂದರೆ ಎರಡು ಸುತ್ತಿನ ಕಛೇರಿ, ಇಟ್ಟು ಪ್ರತಿ ಸೆಟ್‌ಗೂ ಬೇರೆ ಟಿಕೆಟ್ ಮಾಡುವುದುಂಟು, ಅದನ್ನು ಮೊದಲೇ ನೋಡಿಕೊಳ್ಳಿ.

ಕುಡಿಯದಿದ್ದರೆ ಏನೂ ತೊಂದರೆ ಇಲ್ಲ. ಕವರ್ ಚಾರ್ಜ್ ಅನ್ನುವುದು ಒಳಗೆ ಹೋಗುವ ದುಡ್ಡು. ಕೆಲವು ಕಡೆ ಅದರ ಜೊತೆಗೆ ಇಂತಿಷ್ಟು ಆರ್ಡರ್ ಮಾಡಲೇಬೇಕು ಅನ್ನುತ್ತಾರೆ, ಜ್ಯೂಸ್ ಸೋಡಾ ತಗೊಂಡರೂ ನಡೆಯುತ್ತದೆ. ವಯಸ್ಸು ಎಷ್ಟೇ ಇರಲಿ, ಫೋಟೋ ಇರುವ ಗುರುತಿನ ಚೀಟಿ ಜೇಬಿನಲ್ಲಿರಲಿ. ನರೆಗೂದಲು ನೋಡಿ ಬಾಗಿಲಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ.

ಪ್ರಶ್ನೆ: ಹೆಂಗಸು ನಾನು, ಒಬ್ಬಳೇ ಹೋಗಬಹುದಾ? ಮನೆಯಲ್ಲಿ ಎಲ್ಲರೂ ಬೇಡ ಅನ್ನುತ್ತಿದ್ದಾರೆ.

ಉತ್ತರ: ಹೋಗಬಹುದು. ಕೂತು ಕೇಳುವ ಜಾಗ ಆರಿಸಿಕೊಳ್ಳಿ, ಅಂಥ ಕಡೆ ಒಬ್ಬರೇ ಬಂದವರು ಬೇರೆಯವರೂ ಇರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಆದರೆ ವಾಪಸ್ ಬರುವ ದಾರಿಯನ್ನು ಹೋಗುವ ಮೊದಲೇ ಗೊತ್ತು ಮಾಡಿಕೊಳ್ಳಿ, ಯಾಕೆಂದರೆ ಇದು ಒಂದೊಂದು ಊರಲ್ಲಿ ಒಂದೊಂದು ಥರ. ನ್ಯೂಯಾರ್ಕಿನ ಸಬ್‌ವೇ ರೈಲು ರಾತ್ರಿಯಿಡೀ ಓಡುತ್ತದೆ. ಲಂಡನ್ನಿನಲ್ಲಿ 2016ರಿಂದ ಶುಕ್ರವಾರ, ಶನಿವಾರ ರಾತ್ರಿ ಮಾತ್ರ, ಅದೂ ಕೆಲವು ಮಾರ್ಗಗಳಲ್ಲಿ ಅಷ್ಟೇ. ಟೋಕಿಯೊದಲ್ಲಿ ಮಧ್ಯರಾತ್ರಿ ದಾಟುತ್ತಿದ್ದಂತೆ ರೈಲು ನಿಂತುಬಿಟ್ಟರೆ ಮತ್ತೆ ಬೆಳಗಿನ ಜಾವವೇ! ಕೊನೆ ರೈಲು ತಪ್ಪುವ ಹಾಗಿದ್ದರೆ ಹಾಡು ಅರ್ಧವಾಗಿದ್ದರೂ ಎದ್ದು ಬನ್ನಿ. ಟ್ಯಾಕ್ಸಿ ಆ್ಯಪ್‌ನಲ್ಲಿ ಕರೆದರೆ ಗಾಡಿ ಬರುವವರೆಗೆ ಒಳಗೇ ಕೂತಿರಿ, ನಂಬರ್ ಪ್ಲೇಟ್ ಸರಿಯಿದೆಯಾ ಅಂತ ನೋಡಿ ಹತ್ತಿ. ಗ್ಲಾಸನ್ನು ಮೇಜಿನ ಮೇಲೆ ಬಿಟ್ಟು ಎದ್ದು ಹೋಗಿದ್ದರೆ ಬಂದು ಮತ್ತೆ ಅದನ್ನೇ ಕುಡಿಯಬೇಡಿ, ಹೊಸದು ತಗೊಳ್ಳಿ. ಏನಾದರೂ ಸರಿ ಇಲ್ಲ ಅನ್ನಿಸಿದರೆ ಬಾರ್ ಕೌಂಟರಿನಲ್ಲಿರುವವರಿಗೆ ನೇರವಾಗಿ ಹೇಳಿ, ಸಂಕೋಚ ಬೇಡ.

ಪ್ರಶ್ನೆ: ಕಾರ್ಯಕ್ರಮ ಮುಗಿದ ಮೇಲೆ ಮರುದಿನದವರೆಗೂ ಕಿವಿ ಗುಯ್ ಅನ್ನುತ್ತದೆ. ಇದು ಮಾಮೂಲಿನಾ?

ಉತ್ತರ: ಬಹಳ ಜನಕ್ಕೆ ಆಗುತ್ತದೆ, ಹಾಗಂತ ಸುಮ್ನೆ ಬಿಡಬೇಡಿ. ಕೆಲಸದ ಜಾಗಗಳಿಗೆ ಅಂತ ಅಮೆರಿಕದಲ್ಲಿ ಒಂದು ಲೆಕ್ಕ ಇಟ್ಟಿದ್ದಾರೆ. 85 ಡೆಸಿಬಲ್ ಸದ್ದಿನಲ್ಲಿ 8 ಗಂಟೆ ಇರಬಹುದು, ಮೇಲೆ ಪ್ರತಿ 3 ಡೆಸಿಬಲ್‌ಗೂ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಅಂದರೆ 100 ಡೆಸಿಬಲ್‌ಗೆ ಬರುವಷ್ಟರಲ್ಲಿ ಸಿಗುವುದು ಬರೀ 15 ನಿಮಿಷ. ಜೋರು ಕ್ಲಬ್‌ಗಳಲ್ಲಿ ಸದ್ದು ಅಷ್ಟು ಏರುವುದು ಅಪರೂಪವೇನಲ್ಲ, ನೀವೋ ಎರಡು ಗಂಟೆ ನಿಂತಿರುತ್ತೀರಿ.

ಸಂಗೀತಗಾರರು ಹಾಕಿಕೊಳ್ಳುವಂಥ ಇಯರ್‌ಪ್ಲಗ್ ತಗೊಳ್ಳಿ. ಸ್ಪಂಜಿನದು ತಾರಸ್ವರಗಳನ್ನು ಜಾಸ್ತಿ ತಡೆಯುವುದರಿಂದ ಹಾಡು ಮಂಕಾಗುತ್ತದೆ. ಸಂಗೀತಗಾರರದು ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತದೆ. ಸ್ಪೀಕರ್ ಮುಂದೆ ನಿಲ್ಲಬೇಡಿ, ಸೌಂಡ್ ಇಂಜಿನಿಯರ್ ಮೇಜು ಎಲ್ಲಿದೆ ನೋಡಿ ಅದರ ಹತ್ತಿರ ನಿಲ್ಲಿ. ಅವರು ತಾವು ನಿಂತ ಜಾಗಕ್ಕೆ ಚೆನ್ನಾಗಿ ಕೇಳುವ ಹಾಗೆ ಸದ್ದು ಹೊಂದಿಸುವುದು, ಅಲ್ವಾ? ಗುಯ್ ಅನ್ನುವುದು ಒಂದೆರಡು ದಿನದಲ್ಲಿ ಹೋಗದಿದ್ದರೆ ಕಿವಿ ಡಾಕ್ಟರಿಗೆ ತೋರಿಸಿ. ಕೇಳಿಸುವುದೇ ಇದ್ದಕ್ಕಿದ್ದಂತೆ ಕಡಿಮೆಯಾದರೆ ಮಾತ್ರ ಕಾಯಬೇಡಿ, ಅದೇ ದಿನ ಹೋಗಿ.